ಬಿಸಿಲು ತಿನ್ನದ ಬಣ್ಣ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಹಿಮದ ಬಗ್ಗೆ ಕೇಳುತ್ತಾರೆ. ಹಿಮ ನೋಡಿದೆ. ಬೆಳ್ಳಗಿತ್ತು, ತಣ್ಣಗಿತ್ತು. ಅದರ ಬಗ್ಗೆ ಇಷ್ಟು ಸಾಕು. ನಾನು ಬರೆಯಬೇಕಾದದ್ದು ಅಲ್ಲಿನ ಒಂದು ಸರೋವರದ ತಳದ ಕೆಸರಿನ ಬಗ್ಗೆ, ಮತ್ತು ಆ ಕೆಸರಿನ ವಿಷಯದಲ್ಲಿ ನಮಗೆ ಹೇಳಿದ ಅರ್ಧ ಮಾತಿನ ಬಗ್ಗೆ. ಸುಳ್ಳು ಹೇಳಿದವನನ್ನು ಹಿಡಿಯಬಹುದು. ಅರ್ಧ ಸತ್ಯ ಹೇಳಿದವನು ಕೈಕುಲುಕಿ, ಊಟ ಹಾಕಿ, ಸ್ಟೇಷನ್ನಿನ ತನಕ ಬಂದು ಕಳಿಸಿಕೊಡುತ್ತಾನೆ.

ಬಾಗಲಕೋಟೆ

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಗೆ ಬಾಗಲಕೋಟೆಯಿಂದ ಸುದ್ದಿ ಬರೆಯುವವನು. ಇಳಕಲ್ಲಿನ ನೇಕಾರರ ಸಂಘವೊಂದಕ್ಕೆ ಸ್ವಿಸ್ ಬಣ್ಣದ ಕಂಪನಿಯಿಂದ ಆಹ್ವಾನ ಬಂದಿತ್ತು. ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವುದು ಇನ್ನೂ ಹಿತ್ತಲ ಹಂಡೆಗಳಲ್ಲಿ. ಕಂಪನಿ ಒಂದು ದೊಡ್ಡ ಬಣ್ಣದ ಮನೆಗೆ ಬೇಕಾದ ಯಂತ್ರ ಕೊಡುತ್ತದೆ; ಸಂಘ ಜಾಗ ಕೊಡಬೇಕು, ಬಣ್ಣವನ್ನು ಅವರಲ್ಲೇ ಕೊಳ್ಳಬೇಕು. ಅಧ್ಯಕ್ಷರು ಖುದ್ದಾಗಿ ಬಂದು ಅವರ ಕಾರ್ಖಾನೆ ನೋಡಿ ಒಪ್ಪಿಗೆಯ ಸಹಿ ಹಾಕಬೇಕು. ಅಧ್ಯಕ್ಷರಿಗೆ ಇಂಗ್ಲಿಷ್ ಬಾರದ್ದರಿಂದ ದುಭಾಷಿಯಾಗಿ, ಜೊತೆಗೆ ವರದಿಗಾರನಾಗಿ, ನಾನು.

ಜಾಗ ಮೊದಲೇ ಗೊತ್ತುಮಾಡಿದ್ದರು: ಕಮತಗಿಯ ಆಚೆ, ಹುನಗುಂದ ತಾಲೂಕಿನ ಕರಿಹಾಳದಲ್ಲಿ, ಕೆರೆಯ ಮೇಲ್ಭಾಗದ ಹೊಲ. ನೀರು ಹತ್ತಿರ, ನೆಲ ಇಳಿಜಾರು. ನೂಲು ತೊಳೆದ ನೀರು ತಾನಾಗಿ ಹರಿದು ಕೆರೆ ಸೇರುತ್ತದೆ. ಕರಿಹಾಳದವರು ಕುಡಿಯುವುದು ಆ ಕೆರೆಯ ನೀರನ್ನೇ. ನನ್ನ ಅಕ್ಕ ಅಂಬಕ್ಕನನ್ನು ಕೊಟ್ಟದ್ದು ಆ ಊರಿಗೆ.

ಕುಡಿಯುವ ನೀರು ಕೆಟ್ಟೀತೆಂಬ ಸಂದೇಹವನ್ನು ನಾನು ಹೊರಡುವ ಮೊದಲೇ ಅಧ್ಯಕ್ಷ ಸಂಗಪ್ಪನವರ ಮುಂದೆ ಇಟ್ಟಿದ್ದೆ. ಅವರು ಬಣ್ಣಗಾರರ ಮನೆತನದವರು, ಈಗ ನಾಲ್ಕಾರು ಮಗ್ಗಗಳ ಸಾಹುಕಾರರು. ದೊಡ್ಡ ದನಿ, ದೊಡ್ಡ ರುಮಾಲು.

"ರಾಯರ, ಅದಕ್ಕ ಅಲ್ಲಿಗೆ ಹೊಂಟೇವಿ. ಅವರ ಊರಾಗೂ ಕೆರಿ ಐತಂತ. ಅವರ ಕಾರ್ಖಾನಿ ಅದರ ದಂಡಿ ಮ್ಯಾಲ ಐತಂತ. ಕಣ್ಣಿಲೆ ನೋಡೋಣು," ಎಂದರು. ನ್ಯಾಯವಾದ ಮಾತು.

ಸ್ಟೇಷನ್ನಿಗೆ ಇಳಕಲ್ಲಿನಿಂದ ಬಸ್ಸು ತುಂಬ ಜನ ಬಂದಿದ್ದರು. ಗಾಡಿ ಹೊರಟಾಗ ಒಬ್ಬ ನೇಕಾರ ಕೂಗಿದ: "ಸಾವ್ಕಾರ್ರ, ಕಾರ್ಖಾನಿ ತಗೊಂಡ ಬರ್ರಿ, ಬಿಳಿ ಮಡ್ಡಮ್ಮನ್ನ ಅಲ್ಲ!" ಸಂಗಪ್ಪನವರು ಕಿಟಕಿಯಿಂದ ಕೈ ಎತ್ತಿ, "ಎರಡೂ ಒಂದ ಪಾರ್ಸಲ್‌ನ್ಯಾಗ ಕಟ್ಟಿಸ್ತೇನಿ ತಗೋ!" ಎಂದರು. ಹೋಟಗಿಯಲ್ಲಿ ಗಾಡಿ ಬದಲಿಸುವವರೆಗೂ ಅದನ್ನೇ ನೆನೆದು ನಗುತ್ತಿದ್ದರು.

ಜಿನೀವಾ ಅಲ್ಲ, ಜಿನೋವಾ

ಮುಂಬಯಿಯಿಂದ ಹಡಗು ನಮ್ಮನ್ನು ಇಟಲಿಯ ಜಿನೋವಾ ಬಂದರಿನಲ್ಲಿ ಇಳಿಸಿತು. ಸಂಗಪ್ಪನವರು ಅದೇ ಸ್ವಿಟ್ಜರ್ಲೆಂಡಿನ ಜಿನೀವಾ ಎಂದುಕೊಂಡು, ಕಂಪನಿಯವರು ಹಾರ ಹಿಡಿದು ನಿಂತಿರುತ್ತಾರೆಂದು ಹೊಸ ಧೋತರ ಉಟ್ಟು ಇಳಿದರು. ಹಾರದ ಬದಲು ಸುಂಕದ ಅಧಿಕಾರಿ ಸಿಕ್ಕ. ಅವನು ಅವರ ಟ್ರಂಕು ತೆರೆಸಿ ಒಂದು ಡಬ್ಬಿ ಎತ್ತಿಕೊಂಡ. ಒಳಗೆ ಕೆಂಪು ಪುಡಿ. ಪತ್ರಗಳಲ್ಲಿ ಬಣ್ಣದ ಕಂಪನಿಯ ಹೆಸರಿದೆ. ಬಣ್ಣದ ಮಾದರಿಗೆ ಸುಂಕ ಕಟ್ಟಬೇಕೆಂದ.

"ಶೇಂಗಾ ಚಟ್ನಿ ಅದ ಅಂತ ಹೇಳ್ರಿ ರಾಯರ."

ನಾನು ಹೇಳಿದೆ. ಅವನು ನಂಬಲಿಲ್ಲ. ಸಂಗಪ್ಪನವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದರು. ಅವನು ತಾನೂ ಬೆರಳಿಂದ ಒಂದಿಷ್ಟು ನೆಕ್ಕಿದ. ಕಣ್ಣಲ್ಲಿ ನೀರು ಬಂತು, ಕೆಮ್ಮಿದ, ತಲೆ ಕೊಡವಿದ, ಮತ್ತೆ ಒಂದಿಷ್ಟು ನೆಕ್ಕಿದ. ಆಮೇಲೆ ಮುಚ್ಚಳ ಹಾಕಿ ಹೋಗೆಂದು ಕೈ ಮಾಡಿದ. ಕೆಂಪು ಪುಡಿಯನ್ನು ಕಣ್ಣಿನಿಂದ ಅಳೆದು ಅವನು ತಪ್ಪಿದ್ದ. ಬಾಯಿಗೆ ಹಾಕಿ ನೋಡಿ ತಿದ್ದಿಕೊಂಡ.

ಸರೋವರದ ಊರು

ಜಿನೋವಾದಿಂದ ರೈಲು ಹತ್ತಿ ಕಂಪನಿಯ ಊರು ಸೇರಿದೆವು. ಊರು ಚೊಕ್ಕಟ. ಬೀದಿಯಲ್ಲಿ ಎದುರಾದ ಅಪರಿಚಿತರೂ ನಮಸ್ಕಾರ ಹೇಳುತ್ತಾರೆ. ಹೇಳಿದ ಮೇಲೆ ನಿಂತು ಒಂದು ಮಾತೂ ಆಡುವುದಿಲ್ಲ. ನಾವು ಇಳಿದುಕೊಂಡ ಮನೆಯ ಒಡತಿ ವಿಧವೆ, ಮಾತು ಕಡಿಮೆ, ಸೂಪು ಹೆಚ್ಚು. ಮೊದಲ ಭಾನುವಾರವೇ ಆಕೆ ಬಾಗಿಲು ಬಡಿದಳು. ಸಂಗಪ್ಪನವರು ಧೋತರ ಒಗೆದು ಬಾಲ್ಕನಿಯಿಂದ ಇಳಿಬಿಟ್ಟಿದ್ದರು. ಭಾನುವಾರ ಇಲ್ಲಿ ಯಾರೂ ಬಟ್ಟೆ ಒಣಹಾಕುವುದಿಲ್ಲವಂತೆ. ನೆರೆಯವರು ಏನೆಂದುಕೊಂಡಾರು ಎಂದಳು.

"ನಮ್ಮಲ್ಲಿ ಅಮಾಸಿ ದಿನ ಒಗ್ಯಾಂಗಿಲ್ಲ, ಇವರದು ಐತಾರ," ಎಂದು ಸಂಗಪ್ಪನವರು ಧೋತರ ಸುತ್ತಿಕೊಂಡರು. "ಎಲ್ಲಾ ಕಡಿಗೂ ಧೋತರಕ್ಕ ಒಂದು ದಿನ ಶನಿ ಇರ್ತೈತಿ ಬಿಡ್ರಿ."

ಮನೆಯ ಹಿಂದೆಯೇ ಸರೋವರ. ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ಬೆಳಗಾದರೆ ಇರುವ ಬಟ್ಟೆ ಒಗೆಯುವ ಸದ್ದು, ಹೆಂಗಸರ ಜಗಳ, ಕೊಡದ ಸದ್ದು, ಇಲ್ಲಿ ಯಾವುದೂ ಇಲ್ಲ. ನೀರಿಗಿಳಿದವರು ಒಬ್ಬರೂ ಕಾಣಲಿಲ್ಲ. ಥಂಡಿಗೆ ಹೆದರುತ್ತಾರೇನೋ ಎಂದುಕೊಂಡೆ. ಒಡತಿಯನ್ನು ಕೇಳಿದಾಗ ಆಕೆ, ಈಜುವ ಜಾಗವನ್ನು ಬಹಳ ಹಿಂದೆಯೇ ಆಚೆ ದಡಕ್ಕೆ ಸಾಗಿಸಿದರು ಎಂದಳು. ಏಕೆ ಎಂದು ಕೇಳಿದೆ. ಆಕೆ ಕಾರ್ಖಾನೆಯ ಚಿಮಣಿಯ ಕಡೆ ಗದ್ದ ಎತ್ತಿ ತೋರಿಸಿ, ಸೂಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಕಾರ್ಖಾನೆ

ನಮ್ಮನ್ನು ನೋಡಿಕೊಳ್ಳಲು ನೇಮಿಸಿದ್ದ ಎಂಜಿನಿಯರ್ ಮುಂಬಯಿಯಲ್ಲಿ ಕೆಲವು ವರ್ಷ ಇದ್ದವನು, ಒಳ್ಳೆಯ ಇಂಗ್ಲಿಷ್, ಒಳ್ಳೆಯ ನಗು. ನಾನು ಮೊದಲ ದಿನವೇ ಕೇಳಿದೆ: ಬಣ್ಣದ ನೀರು ಕೆರೆ ಸೇರಿದರೆ ಏನಾಗುತ್ತದೆ?

ಅವನು ನಮ್ಮನ್ನು ಒಂದು ಕೋಣೆಗೆ ಕರೆದುಕೊಂಡು ಹೋದ. ಮೇಜಿನ ಮೇಲೆ ಎರಡು ದೊಡ್ಡ ಬಾಟಲಿ. ಎರಡರ ತಳದಲ್ಲೂ ಇದೇ ಸರೋವರದ ಕೆಸರು, ಮೇಲೆ ನೀರು. ಎರಡಕ್ಕೂ ಒಂದೇ ದಿನ, ಒಂದೇ ಅಳತೆಯ ಕೆಂಪು ಬಣ್ಣ ಹಾಕಿದ್ದರಂತೆ. ಒಂದನ್ನು ಸರೋವರದ ತಳದಷ್ಟೇ ಥಂಡಿಯಲ್ಲಿ ಇಟ್ಟಿದ್ದರು. ಅದು ಇನ್ನೂ ದಾಳಿಂಬೆ ರಸದಂತೆ ಕೆಂಪಗಿತ್ತು. ಇನ್ನೊಂದನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ, ನಮ್ಮ ಬೇಸಗೆಯ ಕೆರೆಯಷ್ಟು ಬಿಸಿಯಲ್ಲಿ ಇಟ್ಟಿದ್ದರು. ಅದರ ನೀರು ತಿಳಿಯಾಗಿತ್ತು.

"ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ," ಎಂದ ಎಂಜಿನಿಯರ್. "ಬಣ್ಣವನ್ನು ಒಡೆಯುವುದು ಅವು. ನಮ್ಮ ಥಂಡಿಯಲ್ಲಿ ಅವು ಜಡ. ನಿಮ್ಮ ಶಾಖದಲ್ಲಿ ಚುರುಕು. ನಾವು ಇಲ್ಲಿ ಪಡುವ ಚಿಂತೆ ನಿಮಗೆ ಬೇಡ. ನಿಮ್ಮ ಸೂರ್ಯನೇ ನಿಮ್ಮ ಜಾಡಮಾಲಿ."

ಕೊನೆಯ ಮಾತನ್ನು ನಾನು ಅನುವಾದಿಸಲಿಲ್ಲ. ಉಳಿದದ್ದನ್ನು ಹೇಳಿದೆ.

ಸಂಗಪ್ಪನವರು ಕೋಟಿನ ಕಿಸೆಯಿಂದ ಬಿಳಿ ನೂಲಿನ ಒಂದು ಸಣ್ಣ ಲಡಿ ತೆಗೆದರು. ಇಳಕಲ್ಲಿನ ಬಣ್ಣಗಾರರು ನೀರನ್ನು ಪರೀಕ್ಷಿಸುವುದು ಹೀಗೆಯೇ. ಬಣ್ಣ ಹಾಕಿದ ನೂಲನ್ನು ಮತ್ತೆ ಮತ್ತೆ ತೊಳೆದು, ಕೊನೆಯ ನೀರಿನಲ್ಲಿ ಬಿಳಿ ನೂಲು ಅದ್ದುತ್ತಾರೆ. ಅದು ಬಿಳಿಯಾಗಿಯೇ ಹೊರಬಂದರೆ ನೀರು ಸ್ವಚ್ಛ. ಅದನ್ನು ದನಕ್ಕೂ ಕುಡಿಸುತ್ತಾರೆ. ಅವರು ತಿಳಿಯಾದ ಬಾಟಲಿಯಲ್ಲಿ ಲಡಿ ಅದ್ದಿ, ಹಿಂಡಿ, ಕಿಟಕಿಯ ಬೆಳಕಿಗೆ ಹಿಡಿದರು. ಮಲ್ಲಿಗೆಯಂಥ ಬಿಳುಪು.

"ಮುಗೀತಲ್ರಿ ರಾಯರ! ನಮ್ಮ ಬಿಸಲಿಗೆ ಇಂಥಾ ಹತ್ತು ಕಾರ್ಖಾನಿ ಸೈತ ತಡ್ಯಾಂಗಿಲ್ಲ. ನಿಮ್ಮಕ್ಕಗ ಕಾಗದ ಬರೀರಿ, ಅಂಜಬ್ಯಾಡ ಅಂತ."

ಎಂಜಿನಿಯರ್ ಚಪ್ಪಾಳೆ ತಟ್ಟಿದ. ಒಬ್ಬ ಫೋಟೋದವನು ಎಲ್ಲಿಂದಲೋ ಬಂದು, ಲಡಿ ಹಿಡಿದ ಸಂಗಪ್ಪನವರ ಚಿತ್ರ ತೆಗೆದ. ಫೋಟೋದವನನ್ನು ಆ ಕೋಣೆಯಲ್ಲಿ ಮೊದಲೇ ನಿಲ್ಲಿಸಿಟ್ಟಿದ್ದರೆಂದು ನನಗೆ ಆಗ ಅನಿಸಿತು. ಅಕ್ಕನಿಗೆ ಕಾಗದ ಬರೆಯಲಿಲ್ಲ. ಇಂಥ ಪ್ರಯೋಗ ಮಾಡಿದವರು ಯಾರು ಎಂದು ಕೇಳಿದೆ. ಸರೋವರದ ಆಚೆ ದಡದಲ್ಲಿ ನೀರಿನ ಅಭ್ಯಾಸ ಮಾಡುವ ಒಂದು ಕೇಂದ್ರವಿದೆ, ಅಲ್ಲಿ ಮಾಡಿಸಿದ್ದು ಎಂದ. ನೋಡಬಹುದೇ? ನೋಡುವಂಥದ್ದೇನಿಲ್ಲ, ಬರೀ ಕೆಸರು ಎಂದ.

ಬರೀ ಕೆಸರನ್ನು ನೋಡಲೆಂದೇ ನಾವು ಮರುದಿನ ದೋಣಿ ಹತ್ತಿದೆವು.

ಆಚೆ ದಡ

ಕೇಂದ್ರದಲ್ಲಿದ್ದವಳು ಮಧ್ಯವಯಸ್ಸಿನ ಡಾಕ್ಟರ್. ರೋಗಿಗಳ ಡಾಕ್ಟರಲ್ಲ, ಕೆಸರಿನ ವಿಜ್ಞಾನದವಳು. ಮೊಣಕಾಲುದ್ದದ ರಬ್ಬರ್ ಬೂಟು, ಉಗುರಲ್ಲಿ ಕರಿ ಮಣ್ಣು. ಸಂಗಪ್ಪನವರು ಆಕೆಯನ್ನು ಮೊದಲ ಗಳಿಗೆಯಿಂದಲೇ 'ಡಾಕ್ಟರಬಾಯಿ' ಮಾಡಿಕೊಂಡರು.

ಆಕೆ ಸರೋವರದ ತಳದಿಂದ ಗಾಜಿನ ಕೊಳವೆಯಲ್ಲಿ ತೆಗೆದ ಕೆಸರಿನ ಕಂಬವೊಂದನ್ನು ತೋರಿಸಿದಳು. ಪದರದ ಮೇಲೆ ಪದರ. ಮೇಲೆ ಕಪ್ಪು, ನಡುವೆ ನೀಲಿ ಛಾಯೆ, ಅದರ ಕೆಳಗೆ ಮಾಸಿದ ಕೆಂಪು. ಆ ಕೆಂಪು ಆಕೆ ಹುಟ್ಟುವ ಮೊದಲು ಕಾರ್ಖಾನೆ ಚೆಲ್ಲಿದ್ದಂತೆ. ತಳದಲ್ಲಿ ವರ್ಷಪೂರ್ತಿ ಥಂಡಿ, ಜೀವಿಗಳು ನಿಧಾನ. ಚೆಲ್ಲಿದ್ದು ಚೆಲ್ಲಿದ ಹಾಗೇ ಇದೆ.

"ನಮ್ಮಲ್ಲಿ ಹಂಗಿಲ್ಲ, ಬೆಚ್ಚಗ ಐತಿ, ಎಲ್ಲಾ ಹೋಗ್ತೈತಿ ಅಂತ ಹೇಳ್ರಿ," ಎಂದರು ಸಂಗಪ್ಪನವರು, ಸಮಾಧಾನ ಹೇಳುವವರಂತೆ.

ಹೇಳಿದೆ. ಆಕೆ ಕೊಳವೆ ಕೆಳಗಿಟ್ಟಳು. ಕಾರ್ಖಾನೆಯಲ್ಲಿ ಬೆಚ್ಚನೆಯ ಬಾಟಲಿ ತೋರಿಸಿದರೇ ಎಂದು ಕೇಳಿದಳು. ಹೌದೆಂದೆ. ಮೂಸಿ ನೋಡಿದಿರಾ ಎಂದಳು. ಇಲ್ಲ. ಆಕೆ ತನ್ನ ಪೆಟ್ಟಿಗೆಯಿಂದ ಅದೇ ಬಗೆಯ ತಿಳಿಯಾದ ಬಾಟಲಿ ತಂದು ಬಿರಡೆ ತೆಗೆದಳು. ಕೊಳೆತ ಮೊಟ್ಟೆಯ ವಾಸನೆ. ಸಂಗಪ್ಪನವರು ರುಮಾಲಿನ ಚುಂಗು ಮೂಗಿಗೆ ಒತ್ತಿಕೊಂಡರು.

ಆಕೆ ವಿವರಿಸಿದ್ದನ್ನು ನಾನು ಅಲ್ಲೇ ಬರೆದುಕೊಂಡೆ. ಶಾಖ ಏರಿದಂತೆ ಕೆಸರಿನ ಜೀವಿಗಳು ಚುರುಕಾಗುತ್ತವೆ, ಅದು ನಿಜ. ಚುರುಕಾದವು ಮೊದಲು ನೀರಿನಲ್ಲಿ ಕರಗಿದ ಗಾಳಿಯನ್ನು ಮುಗಿಸುತ್ತವೆ. ಬೆಚ್ಚನೆಯ ನೀರಿನಲ್ಲಿ ಗಾಳಿ ಮೊದಲೇ ಕಡಿಮೆ. ಗಾಳಿ ಮುಗಿದ ಮೇಲೆ ಬೇರೊಂದು ಬಗೆಯ ಜೀವಿಗಳು ಬಣ್ಣದ ಕಣವನ್ನು ನಟ್ಟನಡುವೆ ಮುರಿಯುತ್ತವೆ. ಮುರಿದೊಡನೆ ಬಣ್ಣ ಕಾಣುವುದಿಲ್ಲ. ತುಂಡುಗಳು ಮಾತ್ರ ನೀರಿನಲ್ಲೇ ಇರುತ್ತವೆ. ಆ ತುಂಡುಗಳನ್ನು ತಿಂದು ಮುಗಿಸಲು ಮತ್ತೆ ಗಾಳಿ ಬೇಕು. ಗಾಳಿ ಇಲ್ಲ. ಅಂಥ ಕೆಲವು ತುಂಡುಗಳು ಏನು ಮಾಡುತ್ತವೆಂದು ಈ ಊರಿನ ವೈದ್ಯರಿಗೆ ಚೆನ್ನಾಗಿ ಗೊತ್ತು: ಬಣ್ಣದ ಕಾರ್ಖಾನೆಯ ಹಳೆಯ ಕೆಲಸಗಾರರು ಮೂತ್ರಕೋಶದ ಕ್ಯಾನ್ಸರ್ ಹುಣ್ಣಿನಿಂದ ಸಾಯುವುದನ್ನು ಅವರು ನೋಡಿದ್ದಾರೆ.

ಸಂಗಪ್ಪನವರು ನಂಬಲಿಲ್ಲ. ಮತ್ತೆ ಲಡಿ ತೆಗೆದು ಅದ್ದಿದರು. ಬಿಳಿ. ಆಕೆಗೆ ತೋರಿಸಿದರು. "ಏನೈತಿ ಇದರಾಗ? ಕೇಳ್ರಿ."

ಆಕೆ ಬಾಟಲಿಯ ನೀರನ್ನು ಒಂದು ಗಾಜಿನ ಲೋಟಕ್ಕೆ ಸುರಿದು ಮಂಜುಗಡ್ಡೆಯ ಮೇಲಿಟ್ಟಳು. ಒಂದು ಸೀಸೆಯಿಂದ ಆಮ್ಲ, ಇನ್ನೊಂದರಿಂದ ಉಪ್ಪಿನಂಥ ಯಾವುದೋ ದ್ರಾವಣ, ಕೊನೆಗೆ ಮೂರನೆಯ ಸೀಸೆಯಿಂದ ನಾಲ್ಕು ಹನಿ. ಆ ಹನಿ ಬೀಳುತ್ತಲೇ ನೀರು ಕೆಂಪಾಯಿತು. ಮೊದಲು ದಾರದಷ್ಟು, ಆಮೇಲೆ ಲೋಟ ತುಂಬ.

ಸಂಗಪ್ಪನವರು ಆ ಮೂರನೆಯ ಸೀಸೆ ಎತ್ತಿ ಮೂಸಿದರು. ಮುಖದ ಬಣ್ಣವೇ ಇಳಿಯಿತು.

"ರಾಯರ, ಇದು ನ್ಯಾಪ್ತಾಲ, ನೂಲಿಗೆ ಕೆಂಪ ಹಿಡಸೋ ಮದ್ದು. ನಮ್ಮ ಹಿತ್ತಲದಾಗ ಮಾಡೋ ಕೆಲಸನ ಇದು. ಬಿಳಿ ನೀರಾಗ ಬಿಳಿ ನೀರು ಕೂಡಿಸಿದರ ಕೆಂಪ ಹುಟ್ಟತೈತಿ. ಅಂದರ ಆ ನೀರಾಗ ಬಣ್ಣದ ಅರ್ಧಾ ಜೀವ ಕೂತೈತಿ." ಸೀಸೆ ಕೆಳಗಿಟ್ಟು, "ಅದನ್ನ ನಾ ಸ್ವಚ್ಛ ಅಂದೆ. ಫೋಟೋ ತಗಿಸ್ಕೊಂಡೆ," ಎಂದರು.

ನಾನು ಡಾಕ್ಟರಬಾಯಿಯನ್ನು ಕೇಳಿದೆ: ಕಂಪನಿಗೆ ಇದು ಗೊತ್ತೇ? ಎರಡೂ ಫಲಿತಾಂಶವನ್ನು ತಾನೇ ಬರೆದು ಕಳಿಸಿದ್ದೇನೆ ಎಂದಳು. ಬಿಸಿ ದೇಶಗಳಲ್ಲಿ ಬಣ್ಣ ಎಷ್ಟು ಬೇಗ ಹೋಗುತ್ತದೆಂದು ಅವರು ಕೇಳಿದ್ದರು. ಹೋಗಿ ಏನಾಗುತ್ತದೆಂದು ಅವರು ಕೇಳಿರಲಿಲ್ಲ, ಆದರೂ ಬರೆದಿದ್ದಳು. ಹಾಗಾದರೆ ದಾರಿಯೇ ಇಲ್ಲವೇ ಎಂದೆ. ಇದೆ, ಎಂದಳು: ಕುಡಿಯುವ ಕೆರೆಯಿಂದ ದೂರ, ಕಲ್ಲು ಹಾಸಿದ ಆಳವಿಲ್ಲದ ಮಡುಗಳು, ಮೊದಲ ಮಡುವಿನಲ್ಲಿ ಬಣ್ಣ ಮುರಿಯಬೇಕು, ಮುಂದಿನ ಮಡುಗಳಲ್ಲಿ ಯಂತ್ರದಿಂದ ಗಾಳಿ ಕೊಟ್ಟು ತುಂಡುಗಳನ್ನು ಮುಗಿಸಬೇಕು, ಪ್ರತಿಸಲ ಪರೀಕ್ಷಿಸಿಯೇ ಹೊರಬಿಡಬೇಕು. ನಿಮ್ಮ ಶಾಖ ಆಗ ನಿಜವಾಗಿ ಉಪಯೋಗಕ್ಕೆ ಬಂದೀತು ಎಂದಳು.

ವಾಪಸು ದೋಣಿಯಲ್ಲಿ ಸಂಗಪ್ಪನವರು ಲಡಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ನನಗೆ ಮೈ ಉರಿಯುತ್ತಿತ್ತು. ವರದಿಗಾರನಿಗೆ ಸಿಟ್ಟು ಬರಬಾರದೆಂದು ನಮ್ಮ ಕಚೇರಿಯಲ್ಲಿ ಕಲಿಸುತ್ತಾರೆ. ಕಲಿಸಿದವರು ಆ ಲೋಟವನ್ನು ನೋಡಿರಲಿಲ್ಲ.

ಊಟದ ಮೇಜು

ಕೊನೆಯ ದಿನದ ಊಟ ಗುಡ್ಡದ ಮೇಲಿನ ಹೋಟೆಲಿನಲ್ಲಿ. ಬಿಳಿ ಹಾಸಿನ ಮೇಜು, ಸುತ್ತ ಕಂಪನಿಯ ಹಿರಿಯರು, ಸಂಗಪ್ಪನವರಿಗೆಂದು ಮಾಂಸವಿಲ್ಲದ ಬೇರೆ ಅಡುಗೆ, ಅಷ್ಟು ಕಾಳಜಿ. ಒಪ್ಪಿಗೆಯ ಪತ್ರ, ಪೆನ್ನು, ಪಕ್ಕದಲ್ಲಿ ಹೂವಿನ ಕುಂಡ.

ಸಂಗಪ್ಪನವರು ಪೆನ್ನು ಮುಟ್ಟಲಿಲ್ಲ. "ಬಣ್ಣ ಹೋತು ಅಂತೀರಿ. ಎಲ್ಲಿಗೆ ಹೋತು ಅಂತ ಕೇಳ್ರಿ."

ಎಂಜಿನಿಯರ್ ನನ್ನ ಕಡೆ ನೋಡಿದ. ಆಚೆ ದಡಕ್ಕೆ ಹೋಗಿದ್ದಿರಾ ಎಂದ. ಹೋಗಿದ್ದೆವು ಎಂದೆ. ಅವನ ನಗು ಸ್ವಲ್ಪವೂ ಕದಲಲಿಲ್ಲ. ಪ್ರಯೋಗಶಾಲೆಯವರಿಗೆ ಎಲ್ಲದರಲ್ಲೂ ವಿಷ ಕಾಣುತ್ತದೆ, ನಿಮ್ಮ ಮಳೆಗಾಲದಲ್ಲಿ ಎಲ್ಲ ಕೊಚ್ಚಿಕೊಂಡು ಹೋಗುತ್ತದೆ ಎಂದ.

"ಮಳಿ!" ಎಂದರು ಸಂಗಪ್ಪನವರು. "ಇವಗ ಹುನಗುಂದದ ಮಳಿ ಯಾರು ತೋರಿಸ್ಯಾರ? ನಮ್ಮಲ್ಲಿ ಕೆರಿ ತುಂಬಿದ ವರ್ಷ ನೆನಪಿಟಗೊಂಡು ಮಕ್ಕಳ ವಯಸ್ಸು ಎಣಸ್ತಾರ. ಅದ ಬಿಡ್ರಿ. ಈ ಊರಿನವರು ಕುಡ್ಯಾಕ ಯಾವ ನೀರು ಅಂತ ಕೇಳ್ರಿ."

ಬೆಟ್ಟದ ಬುಗ್ಗೆಯಿಂದ ಕೊಳವೆಯಲ್ಲಿ ತರುತ್ತೇವೆ ಎಂದ ಎಂಜಿನಿಯರ್, ಹೆಮ್ಮೆಯಿಂದ. ಸರೋವರದ ನೀರನ್ನು ಯಾರು ಕುಡಿದಾರು!

"ಹಂಗಾರ ಯಂತ್ರದ ಜೋಡಿ ಒಂದು ಗುಡ್ಡಾನೂ ಕಳಸ್ರಿ ಅನ್ರಿ. ಬುಗ್ಗಿ ಸಮೇತ."

ನಾನು ಒಂದಕ್ಷರ ಬಿಡದೆ ಅನುವಾದಿಸಿದೆ. ಎಂಜಿನಿಯರ್ ನಕ್ಕ. ಬೇರೆ ಯಾರೂ ನಗಲಿಲ್ಲ. ಆಮೇಲೆ ಸಂಗಪ್ಪನವರು ಮಡುಗಳ ಮಾತು ತೆಗೆದರು: ಕೆರೆಯ ಮೇಲಲ್ಲ, ದೂರ, ಗಾಳಿ ಕೊಡುವ ಯಂತ್ರವನ್ನೂ ಸೇರಿಸಿ ಕೊಡಿ, ಈಗಲೇ ಸಹಿ. ಅದು ಈ ಯೋಜನೆಯಲ್ಲಿ ಇಲ್ಲ ಎಂದ ಎಂಜಿನಿಯರ್. ತನ್ನ ದೇಶದಲ್ಲಿ ಹೊಸ ಕಾರ್ಖಾನೆಗಳಿಗೆ ಈಗ ಸರಕಾರದವರು ಅಂಥದ್ದನ್ನು ಕೇಳುತ್ತಿದ್ದಾರೆ, ಬಿಸಿ ದೇಶಗಳಲ್ಲಿ ಯಾರೂ ಕೇಳಿಲ್ಲ. ನಿಮಗೆ ಬೇಡವಾದರೆ ಬೇರೆ ಊರುಗಳು ಕಾಯುತ್ತಿವೆ.

ಇದನ್ನು ಅವನು ಬೆದರಿಕೆಯಂತೆ ಹೇಳಲಿಲ್ಲ. ಗಾಡಿಯ ವೇಳೆ ಹೇಳಿದಂತೆ ಹೇಳಿದ. ನನಗೆ ಇಂದಿಗೂ ಆರದ ಸಿಟ್ಟು ಅದರದು. ಆ ಮನುಷ್ಯ ಕೆಟ್ಟವನಲ್ಲ, ಮಕ್ಕಳ ಫೋಟೋ ತೋರಿಸಿದ್ದ. ಅವನ ಮಕ್ಕಳು ಬುಗ್ಗೆಯ ನೀರು ಕುಡಿಯುತ್ತಾರೆ. ಕರಿಹಾಳದ ಮಕ್ಕಳು ಅವನ ಲೆಕ್ಕದಲ್ಲಿ ಒಂದು ಹವಾಮಾನ, ಅಷ್ಟೇ.

ಸಂಗಪ್ಪನವರು ಎದ್ದು ಕೈಮುಗಿದರು. "ಊಟ ಚೊಲೊ ಇತ್ತು ಅಂತ ಹೇಳ್ರಿ. ಸಹಿ ಆಗಾಂಗಿಲ್ಲ ಅಂತನೂ ಹೇಳ್ರಿ."

ಇಳಕಲ್

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಿಳಿ ಲಡಿ ಹಿಡಿದ ಸಂಗಪ್ಪನವರ ಫೋಟೋ ಹಾಕಿ ಕಂಪನಿ ಪತ್ರಿಕೆಗಳಿಗೆ ಲೇಖನ ಕಳಿಸಿತ್ತು: ಬಿಸಿ ಹವೆಯ ಕೆರೆಗಳಲ್ಲಿ ಬಣ್ಣ ತಾನಾಗಿ ಮಾಯವಾಗುತ್ತದೆ, ಭಾರತದ ನೇಕಾರ ನಾಯಕರೇ ಪರೀಕ್ಷಿಸಿದ್ದಾರೆ. ನನ್ನ ಪತ್ರಿಕೆಯೂ ಅದನ್ನು ಅಚ್ಚುಹಾಕಿತ್ತು. ಅದರಲ್ಲಿ ಒಂದು ವಾಕ್ಯವೂ ಸುಳ್ಳಲ್ಲ. ನಾನು ಕಚೇರಿಗೆ ಹೋಗಿ ಕೂಗಾಡಿದೆ. ಸಂಪಾದಕರು ಶಾಂತವಾಗಿ, ಹಾಗಾದರೆ ಉಳಿದದ್ದನ್ನು ನೀನು ಬರಿ ಎಂದರು. ಬರೆಯುತ್ತಿದ್ದೇನೆ.

ಸಂಘದ ಸಭೆಯಲ್ಲಿ ಸಂಗಪ್ಪನವರಿಗೆ ಪೂರ್ತಿ ಮಾತಾಡಲು ಬಿಡಲಿಲ್ಲ.

"ಬೋಟಿನ್ಯಾಗ ಕುಂತು, ಚಾಕಲೇಟ ತಿಂದು ಬಂದ್ರಿ. ಕಾರ್ಖಾನಿ ಎಲ್ಲೈತ್ರಿ?"

"ಪೇಪರಿನ್ಯಾಗ ನಿಮ್ಮ ಫೋಟೋ ಐತಿ. ನೀರ ಸ್ವಚ್ಛ ಅಂತ ನೀವ ಹೇಳೀರಿ. ಈಗ ಉಲ್ಟಾ ಹೊಡೀತೀರಿ!"

"ತನ್ನ ಬಣ್ಣದ ಹಂಡೆ ಮುಚ್ಚಿ ಹೋಗ್ತಾವಂತ ಸಹಿ ಮಾಡಿಲ್ಲ ತಗೋ!"

ಸಂಗಪ್ಪನವರು ಬಣ್ಣಗಾರರ ಮುಂದೆ ಆ ಲೋಟದ ಕಥೆ ಹೇಳಿದರು. ಹಳೆಯ ಬಣ್ಣಗಾರರಿಬ್ಬರು ಅರ್ಥವಾದವರಂತೆ ಮುಖ ಮುಖ ನೋಡಿಕೊಂಡರು, ಆದರೆ ಅವರ ಪರ ಕೈ ಎತ್ತಲಿಲ್ಲ. ಅವರ ಮಕ್ಕಳಿಗೂ ಕೆಲಸ ಬೇಕಾಗಿತ್ತು. ಸಂಜೆಯೊಳಗೆ ಸಂಗಪ್ಪನವರು ಅಧ್ಯಕ್ಷರಾಗಿ ಉಳಿಯಲಿಲ್ಲ. ಹೊಸ ಅಧ್ಯಕ್ಷರು ಕಂಪನಿಗೆ ಬರೆದರು. ಯಂತ್ರಗಳನ್ನು ಬೇರೊಂದು ಊರಿಗೆ ಕೊಟ್ಟಾಗಿದೆ ಎಂದು ಉತ್ತರ ಬಂತು. ಯಾವ ಊರೆಂದು ತಿಳಿಸಿಲ್ಲ. ನಿಮ್ಮ ಊರಿನ ಕೆರೆಯ ಮೇಲ್ಭಾಗದಲ್ಲಿ ಯಾರಾದರೂ ನೆಲ ಅಳೆಯುತ್ತಿದ್ದರೆ ಈ ಬರಹವನ್ನು ಅವರ ಮುಂದೆ ಓದಿ. ಉತ್ತರ ಕೊಡುವ ತನಕ ಬಿಡಬೇಡಿ.

ಕರಿಹಾಳ

ಸಂಗಪ್ಪನವರು ತಾವಾಗಿಯೇ, "ನಿಮ್ಮಕ್ಕನ ಊರಿಗೆ ಹೋಗಿ ಬರೋಣು ನಡೀರಿ," ಎಂದರು. ಹುನಗುಂದದ ಬಸ್ಸು ಇಳಿದು ಬಿಸಿಲಲ್ಲಿ ನಡೆದೆವು. ವೈಶಾಖದ ನಡುಮಧ್ಯಾಹ್ನ. ಕೆರೆ ಕುಗ್ಗಿ ನಡುವೆ ಒಂದು ಕನ್ನಡಿಯಷ್ಟಾಗಿತ್ತು, ಸುತ್ತ ಒಡೆದ ಕೆಸರು. ನೀರು ಅತಿ ಕಡಿಮೆ, ಕೆಸರು ಅತಿ ಬಿಸಿ. ಇದೇ ಕಾಲವನ್ನು ಕಂಪನಿಯವರು ನಮಗೆ ವರವೆಂದು ಹೇಳಿದ್ದರು.

ಅಂಬಕ್ಕ ಚಹಾ ಕೊಡುವ ಮೊದಲೇ ಶುರುಮಾಡಿದಳು. "ಬಾರಪ್ಪಾ ವಾಸು, ವಿಲಾಯತಿ ಮನಶ್ಯಾ! ಇಲ್ಲಿ ಮುಲ್ಕಿ ಪರೀಕ್ಷಾ ಪಾಸಾಗಿ ನನ್ನ ಮಗ ಮನ್ಯಾಗ ಕೂತಾನ. ಬಣ್ಣದ ಮನಿ ಬಂದರ ಕಾರಕೂನಕಿ ನೌಕರಿ ಸಿಗತಿತ್ತು. ಬರೋ ಅನ್ನ ಒದ್ದು ಬಂದ್ರಲ್ಲೋ ಇಬ್ಬರೂ ಕೂಡಿ."

ಸಂಗಪ್ಪನವರು ಅಷ್ಟನ್ನೂ ಬೈಸಿಕೊಂಡರು. ಆಕೆ ದಣಿದ ಮೇಲೆ, "ಅವ್ವಾರ, ಸಹಿ ಮಾಡದಾಂವ ನಾ. ಇವರಿಗೆ ಬೈಬ್ಯಾಡ್ರಿ," ಎಂದು ಎಲ್ಲವನ್ನೂ ಮೊದಲಿನಿಂದ ಹೇಳಿದರು. ಬಾಟಲಿ, ವಾಸನೆ, ಲೋಟದಲ್ಲಿ ಹುಟ್ಟಿದ ಕೆಂಪು, ಮೂತ್ರಕೋಶದ ಹುಣ್ಣು. ಆಕೆ ಬಾಗಿಲಿಗೆ ಒರಗಿ ಕೇಳಿದಳು. ನಡುವೆ ಒಮ್ಮೆ ಮಾತ್ರ, "ಬಣ್ಣ ಕಾಣ್ತಿದ್ದಿಲ್ಲ ಅಂದ್ರ ನಾವು ಕುಡೀತಿದ್ವಿ," ಎಂದಳು. ಎಂಜಿನಿಯರ್ ಏನೆಂದ ಎಂದು ಕೇಳಿದಳು.

"ನಿಮ್ಮ ಬಿಸಲ ಎಲ್ಲಾ ತಿಂದು ಹಾಕ್ತೈತಿ, ನಿಮಗೇನು ಚಿಂತಿ ಅಂದಾನ್ರಿ ಅವ್ವಾರ."

ಅಂಬಕ್ಕ ಎದ್ದು ಹಿತ್ತಾಳೆಯ ಕೊಡ ಸೊಂಟಕ್ಕೇರಿಸಿದಳು. ನೀರು ಮುಗಿದಿತ್ತು, ನಾವಿಬ್ಬರು ಹೆಚ್ಚಿಗೆ ಬಂದಿದ್ದೆವು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಾದ ಹೊಸ್ತಿಲು ದಾಟುತ್ತ, ತಿರುಗಿ ನೋಡದೆ ಅಂದಳು:

"ಅಷ್ಟು ಚೊಲೊ ಅದ ಅಂದ್ರ ನಮ್ಮ ಬಿಸಲು, ಅವನ ಹೆಂಡತೀನ್ನ ಕಳಸು ಅನ್ನು. ಒಂದು ಕೊಡ ನೀರು ತಂದು ತೋರಸ್ಲಿ."